ಬಾಡಿಗೆ ನಿಯಂತ್ರಣ: ಕೊಂಢವಾದ 11 ತಿಂಗಳ ಕರಾರು

ಪುಣೆಯ ಕೊಂಢವಾದಲ್ಲಿ ಫ್ಲ್ಯಾಟ್ ಹಿಡಿಯುವ ಕನ್ನಡಿಗ, ಬೆಂಗಳೂರಿನ ರೂಢಿಯಂತೆ ಛಾಪಾ ಕಾಗದಕ್ಕೆ ಸಹಿ ಹಾಕಿ ಸುಮ್ಮನಾಗುವಂತಿಲ್ಲ. ಏಜೆಂಟ್ ಲ್ಯಾಪ್‌ಟಾಪ್, ಬೆರಳಗುರುತಿನ ಯಂತ್ರ ಹಿಡಿದು ಮನೆಗೇ ಬರುತ್ತಾನೆ. ಮಾಲೀಕ, ಬಾಡಿಗೆದಾರ ಇಬ್ಬರೂ ಹೆಬ್ಬೆಟ್ಟು ಒತ್ತಬೇಕು.

ಈ ಕಡ್ಡಾಯ ನೋಂದಣಿಯ ಮೂಲ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999 (ಜಾರಿ: 31 ಮಾರ್ಚ್ 2000). ಇದರ ಕಲಂ 55 ಪ್ರಕಾರ ಕರಾರು ಲಿಖಿತವಾಗಿರಬೇಕು, ನೋಂದಣಿಯೂ ಆಗಬೇಕು. 11 ತಿಂಗಳದ್ದಾದರೂ ವಿನಾಯಿತಿ ಇಲ್ಲ. ನೋಂದಣಿ ಮಾಲೀಕನ ಹೊಣೆ. ತಪ್ಪಿದರೆ 3 ತಿಂಗಳವರೆಗೆ ಸೆರೆ ಅಥವಾ 5,000 ರೂ.ವರೆಗೆ ದಂಡ, ಅಥವಾ ಎರಡೂ. ನೋಂದಣಿಯಾಗದ ಕರಾರಿನ ಷರತ್ತುಗಳ ಬಗ್ಗೆ ತಕರಾರು ಎದ್ದರೆ, ಬೇರೆ ಪುರಾವೆ ಇಲ್ಲದಿರುವಾಗ ಬಾಡಿಗೆದಾರನ ಮಾತೇ ನಿಲ್ಲುತ್ತದೆ.

ಕಲಂ 11: ಬಾಡಿಗೆಯಲ್ಲಿ ವರ್ಷಕ್ಕೆ ಶೇ. 4 ಏರಿಕೆಗೆ ಅವಕಾಶ. ಕಲಂ 29: ನೀರು, ವಿದ್ಯುತ್ ಕಡಿತ ನಿಷಿದ್ಧ. ಆದರೆ ‘ಲೀವ್ ಅಂಡ್ ಲೈಸೆನ್ಸ್’ (ಬಾಡಿಗೆದಾರನ ಹಕ್ಕು ಕೊಡದೆ, ಶುಲ್ಕಕ್ಕೆ ವಾಸದ ಅನುಮತಿಯಷ್ಟೇ ನೀಡುವ ಕರಾರು) ಅವಧಿ ಮುಗಿದರೂ ಬಿಡದವನಿಗೆ ಕಲಂ 24 ಕಟು: ದುಪ್ಪಟ್ಟು ಶುಲ್ಕದ ನಷ್ಟಭರ್ತಿ.

ಹಿನ್ನೆಲೆ: ಇದಕ್ಕೂ ಹಿಂದಿನ 1947ರ ಬಾಂಬೆ ಬಾಡಿಗೆ ಕಾಯ್ದೆ ಬಾಡಿಗೆಯನ್ನು 1940ರ ಮಟ್ಟದಲ್ಲೇ ಹೆಪ್ಪುಗಟ್ಟಿಸಿತ್ತು. ಮಲ್ಪೆ ವಿಶ್ವನಾಥ ಆಚಾರ್ಯ ಪ್ರಕರಣದಲ್ಲಿ (1997) ಸುಪ್ರೀಂ ಕೋರ್ಟ್ ಇದನ್ನು ಅಸಮಂಜಸ ಎಂದಿತು.

ಹೋಲಿಕೆಗೆ: ಕರ್ನಾಟಕ ಬಾಡಿಗೆ ಕಾಯ್ದೆ, 1999 ಜಾರಿಯಾದದ್ದು 31 ಡಿಸೆಂಬರ್ 2001ರಂದು. ದೊಡ್ಡ ನಗರಗಳಲ್ಲಿ ಮಾಸಿಕ 3,500 ರೂ. ಮೀರಿದ ಬಾಡಿಗೆಗೆ ಇದು ಅನ್ವಯಿಸದು. ಹಾಗಾಗಿ ಇಂದಿನ ಬೆಂಗಳೂರಲ್ಲಿ ಬಹುಪಾಲು ಕಾಗದದ ಮೇಲಷ್ಟೇ. ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ (2021) ವಾಸದ ಮನೆಗೆ ಮುಂಗಡದ ಮಿತಿ 2 ತಿಂಗಳ ಬಾಡಿಗೆ ಎಂದು ಸೂಚಿಸುತ್ತದೆ.