ಉಸಿರು ಮೊದಲು, ಎಲುಬು ಆಮೇಲೆ

ಜನವರಿಯ ಮುಂಬೈ ಮ್ಯಾರಥಾನಿಗೆ ಹೆಸರು ಕೊಟ್ಟು, ಮಳೆಗಾಲದಲ್ಲೇ ಕಬ್ಬನ್ ಪಾರ್ಕಿನಲ್ಲೋ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೋ ಓಟ ಶುರುಮಾಡಿದ ಹೊಸಬರನ್ನು ಮತ್ತೆ ಮತ್ತೆ ಕಾಡುವ ನೋವೊಂದಿದೆ. ಮೊಣಕಾಲಿನ ಕೆಳಗೆ, ಕಾಲೆಲುಬಿನ ಒಳಬದಿಯಲ್ಲಿ ಅದು ಕಾಣಿಸಿಕೊಳ್ಳುತ್ತದೆ. ವೈದ್ಯರು ಈ ಎಲುಬನ್ನು ಟಿಬಿಯಾ ಎನ್ನುತ್ತಾರೆ. ನೋವು ಯಾಕೆ ಬಂತೆಂದು ತಿಳಿದುಕೊಂಡವರಿಗೆ ಓಟಕ್ಕೆ ಮರಳುವ ದಾರಿಯೂ ಅರ್ಥವಾಗುತ್ತದೆ. ಆದ್ದರಿಂದ ಅಲ್ಲಿಂದಲೇ ಹೊರಡೋಣ.

ಓಡುವಾಗ ಪ್ರತಿ ಹೆಜ್ಜೆಗೂ ದೇಹದ ತೂಕದ ಎರಡು ಮೂರು ಪಟ್ಟು ಭಾರ ಒಂದೇ ಕಾಲಿನ ಮೇಲೆ ಬೀಳುತ್ತದೆ. ಈ ಭಾರ ಉಂಡು ಎಲುಬು ಗಟ್ಟಿಯಾಗುತ್ತದೆ, ನಿಜ. ಆದರೆ ಗಟ್ಟಿಯಾಗುವ ಮೊದಲು ಅದು ಸ್ವಲ್ಪ ಬಲ ಕಳೆದುಕೊಳ್ಳುತ್ತದೆ. ಗಾರೆ ಕೆಲಸದವರು ಬಿರುಕು ಬಿಟ್ಟ ಹಳೆಯ ಗಾರೆಯನ್ನು ಕೆರೆದು ತೆಗೆದು, ಆಮೇಲೆ ಹೊಸದನ್ನು ಮೆತ್ತಿ, ದಿನಗಟ್ಟಲೆ ನೀರುಣಿಸುತ್ತಾರಲ್ಲ, ಎಲುಬಿನೊಳಗೂ ಹಾಗೆಯೇ. ಒಂದು ಬಗೆಯ ಜೀವಕೋಶಗಳು ಸವೆದ ಭಾಗವನ್ನು ಮೊದಲು ಕರಗಿಸುತ್ತವೆ, ಇನ್ನೊಂದು ಬಗೆಯವು ಅಲ್ಲಿ ಹೊಸದಾಗಿ ಕಟ್ಟುತ್ತವೆ. ಕರಗಿಸುವ ಕೆಲಸ ಕೆಲವು ವಾರಗಳಲ್ಲಿ ಮುಗಿದರೆ, ಕಟ್ಟುವ ಕೆಲಸಕ್ಕೆ ತಿಂಗಳುಗಳೇ ಬೇಕು. ಈ ನಡುವಿನ ಕಾಲದಲ್ಲಿ ಎಲುಬು ಬಹಳ ನಾಜೂಕು.

ಉಸಿರಿನ ಲೆಕ್ಕವೇ ಬೇರೆ. ಓಟ ಹಿಡಿದ ಕೆಲವೇ ವಾರಗಳಲ್ಲಿ ಏದುಸಿರು ಕಡಿಮೆಯಾಗುತ್ತದೆ, ಮೈ ಹಗುರ ಎನಿಸುತ್ತದೆ. "ಈಗ ಎಷ್ಟಾದರೂ ಓಡಬಲ್ಲೆ" ಎಂಬ ಉತ್ಸಾಹದಲ್ಲಿ ಭಾನುವಾರದ ಲಾಂಗ್ ರನ್ 10 ಕಿಲೋಮೀಟರಿನಿಂದ ಒಮ್ಮೆಲೇ 16ಕ್ಕೆ ಏರುತ್ತದೆ. ಎಲುಬು ಅಷ್ಟು ಹೊತ್ತಿಗೆ ಇನ್ನೂ ಕೆರೆಸಿಕೊಳ್ಳುತ್ತಿರುತ್ತದೆ. ಪೆಟ್ಟಾಗುವುದು ಆಗಲೇ. ವಾಸಿಯಾಗಿ ಮರಳುವಾಗಲೂ ಉಸಿರು ಬೇಗ ಹಿಂದಿರುಗುತ್ತದೆ, ಎಲುಬು ತಡಮಾಡುತ್ತದೆ. ನಿಮ್ಮ ವೇಳಾಪಟ್ಟಿಯನ್ನು ಎಲುಬು ನಿರ್ಧರಿಸಲಿ.

ಎಲ್ಲ ನೋವೂ ಒಂದೇ ಅಲ್ಲ. ಎಲುಬಿನ ಒಳ ಅಂಚಿನ ಉದ್ದಕ್ಕೂ, ನಾಲ್ಕೈದು ಬೆರಳಿನ ಅಗಲಕ್ಕೆ ಹರಡಿದ ನೋವು ಸಾಮಾನ್ಯವಾಗಿ ಶಿನ್ ಸ್ಪ್ಲಿಂಟ್ಸ್. ಒಂದೇ ಬೆರಳಿನಿಂದ ಒತ್ತಿ "ಇಲ್ಲೇ" ಎಂದು ತೋರಿಸಬಲ್ಲ ನೋವು, ನಡೆಯುವಾಗಲೂ ಬಿಡದ, ರಾತ್ರಿ ಮಲಗಿದಾಗಲೂ ಮಿಡಿಯುವ ನೋವು ಸ್ಟ್ರೆಸ್ ಫ್ರ್ಯಾಕ್ಚರ್ ಇರಬಹುದು, ಅಂದರೆ ಎಲುಬಿನಲ್ಲಿ ಸಣ್ಣ ಬಿರುಕು. ಆಗ ಮೂಳೆ ವೈದ್ಯರನ್ನು ಕಾಣಲೇಬೇಕು. ಶುರುವಿನಲ್ಲಿ ಎಕ್ಸ್‌ರೇ ಏನನ್ನೂ ತೋರಿಸದಿರುವುದು ಸಾಮಾನ್ಯ, ಎಂಆರ್‌ಐ ಬೇಗ ಹಿಡಿಯುತ್ತದೆ. "ಎಕ್ಸ್‌ರೇ ಚೆನ್ನಾಗಿದೆ" ಎಂಬ ಒಂದೇ ಧೈರ್ಯದ ಮೇಲೆ ದಯವಿಟ್ಟು ಓಡಬೇಡಿ. ಟಿಬಿಯಾದ ಒಳಬದಿಯ ಬಿರುಕಾದರೆ ಸಾಮಾನ್ಯವಾಗಿ 6ರಿಂದ 8 ವಾರ ಓಟವಿಲ್ಲ, ಕೆಲವರಿಗೆ ಇನ್ನೂ ಹೆಚ್ಚು. ಎಲುಬಿನ ಮುಂಬದಿಯಲ್ಲಿ ಬಿರುಕಿದ್ದರೆ ಅದು ಕೂಡಿಕೊಳ್ಳುವುದು ಬಹಳ ನಿಧಾನ. ಅದನ್ನು ಪೂರ್ತಿ ವೈದ್ಯರಿಗೇ ಬಿಡಿ.

ಆ ವಾರಗಳಲ್ಲಿ ಸುಮ್ಮನೆ ಕೂರಬೇಕಾಗಿಲ್ಲ. ಸೊಂಟಕ್ಕೆ ತೇಲುವ ಬೆಲ್ಟ್ ಕಟ್ಟಿಕೊಂಡು, ಈಜುಕೊಳದ ಆಳದಲ್ಲಿ ನೆಲ ತಾಕದಂತೆ ಓಡುವ ವ್ಯಾಯಾಮವಿದೆ. ಉಸಿರನ್ನು ಕಾಪಾಡಿಕೊಳ್ಳಲು ಅದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ. ವೈದ್ಯರು ಒಪ್ಪಿದರೆ ಸೈಕಲ್ಲೂ ಆದೀತು.

ಓಟಕ್ಕೆ ಮರಳಲು ಮೊದಲ ಮೆಟ್ಟಿಲು ನಡಿಗೆ. ಬಿರುಸಾಗಿ 30 ನಿಮಿಷ ನಡೆದರೂ ನೋವಿರಬಾರದು, ಮಾರನೆಯ ಬೆಳಿಗ್ಗೆ ಒತ್ತಿ ನೋಡಿದರೂ ಇರಬಾರದು. ಹೀಗೆ ಕೆಲವು ದಿನ ಕಳೆದ ಮೇಲೆ, ವೈದ್ಯರು ಅಥವಾ ಫಿಸಿಯೋ ಹೂಂ ಎಂದ ಮೇಲೆ, 4 ನಿಮಿಷ ನಡಿಗೆ, 1 ನಿಮಿಷ ಓಟ. ಇದನ್ನು ಆರು ಸಲ ಮಾಡಿದರೆ ಅರ್ಧ ಗಂಟೆ. ಮರುದಿನ ಕಡ್ಡಾಯ ಬಿಡುವು. ಎರಡು ಮೂರು ಸಲ ನೋವಿಲ್ಲದೆ ಮುಗಿದರೆ 3 ನಿಮಿಷ ನಡಿಗೆ, 2 ನಿಮಿಷ ಓಟ. ಹೀಗೆ ನಿಧಾನಕ್ಕೆ ಅದಲು ಬದಲಾಗುತ್ತಾ ಕೊನೆಗೆ 30 ನಿಮಿಷ ಎಡೆಬಿಡದ ಓಟ. ನಡುವೆ ನೋವು ತಲೆ ಎತ್ತಿದರೆ ಓಟ ನಿಲ್ಲಿಸಿ, ನೋವು ಪೂರ್ತಿ ಇಳಿಯುವ ತನಕ ಕಾದು, ಒಂದು ಮೆಟ್ಟಿಲು ಕೆಳಗಿನಿಂದ ಶುರುಮಾಡಿ. ಒತ್ತಿದಾಗ ಮತ್ತೆ ಅದೇ ಜಾಗ ನೋಯುತ್ತಿದ್ದರೆ ವೈದ್ಯರಲ್ಲಿಗೆ ಹೋಗಿ. ಸ್ನಾಯುವಿನ ಸಣ್ಣ ಬಿಗಿತವನ್ನು ಸಹಿಸಿಕೊಂಡು ಓಡಬಹುದು, ಎಲುಬಿನ ನೋವನ್ನು ಸ್ವಲ್ಪವೂ ಸಹಿಸಬಾರದು. ಅದಕ್ಕೇ ಹೇಳುವುದು, ನೋವಿನ ಮಾತ್ರೆ ನುಂಗಿ ಓಡಬೇಡಿ. ನಿಮಗೆ ದಾರಿ ಹೇಳಬೇಕಾದ ನೋವೇ ಆಗ ಬಾಯಿ ಮುಚ್ಚಿರುತ್ತದೆ.

ಮೊದಲು ಸಮಯ ಹೆಚ್ಚಿಸಿ, ಆಮೇಲೆ ದೂರ. ವೇಗ ಮತ್ತು ದಿಣ್ಣೆ ಎಲ್ಲಕ್ಕಿಂತ ಕೊನೆಗೆ. ಹೆಜ್ಜೆ ಸ್ವಲ್ಪ ಸಣ್ಣದಾಗಿ, ಬೇಗಬೇಗನೆ ಬಿದ್ದರೆ ಎಲುಬಿನ ಮೇಲಿನ ಭಾರ ಇಳಿಯುತ್ತದೆ.

ಊಟದ ಮಾತನ್ನು ಬಿಡುವಂತಿಲ್ಲ. ತೂಕ ಇಳಿಸಲೆಂದು ಊಟ ಬಿಟ್ಟು ಓಡುವವರ ಎಲುಬು ಕಟ್ಟಿಕೊಳ್ಳಲು ಸಾಮಗ್ರಿಯೇ ಇರುವುದಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆ, ಅಂಬಲಿ, ಮೊಸರು ನಮ್ಮ ಮನೆಗಳಲ್ಲೇ ಇವೆ. ಕ್ಯಾಲ್ಸಿಯಂ ಮೈಗೆ ಹತ್ತಲು ವಿಟಮಿನ್ ಡಿ ಬೇಕು, ರಕ್ತಪರೀಕ್ಷೆಯಲ್ಲಿ ಅದನ್ನೂ ನೋಡಿಸಿಕೊಳ್ಳಿ. ಓಟ ಹೆಚ್ಚಾದ ಮೇಲೆ ಮುಟ್ಟು ತಪ್ಪುತ್ತಿದ್ದರೆ ಹೆಣ್ಣುಮಕ್ಕಳು ಅದನ್ನು ಹಗುರವಾಗಿ ಕಾಣಬಾರದು. ದೇಹಕ್ಕೆ ಆಹಾರ ಸಾಲುತ್ತಿಲ್ಲ ಎಂಬುದರ, ಎಲುಬು ಸೊರಗುತ್ತಿದೆ ಎಂಬುದರ ಸೂಚನೆ ಅದಾಗಿರಬಹುದು.

2003ರಲ್ಲಿ ಲಂಡನ್ ಮ್ಯಾರಥಾನನ್ನು 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದ ಪೌಲಾ ರಾಡ್‌ಕ್ಲಿಫ್ ಅವರಿಗೆ 2008ರಲ್ಲಿ ತೊಡೆಯೆಲುಬಿನ ಸ್ಟ್ರೆಸ್ ಫ್ರ್ಯಾಕ್ಚರ್ ಆಯಿತು. ಆಗಸ್ಟಿನ ಬೀಜಿಂಗ್ ಒಲಿಂಪಿಕ್ಸ್ ವೇಳೆಗೆ ತಯಾರಿ ಅರ್ಧಂಬರ್ಧ. ಓಡಿ ಮುಗಿಸಿದರು, 23ನೆಯವರಾಗಿ. ಅದೇ ನವೆಂಬರಿನಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಗೆದ್ದರು. ಓಡುವ ಶಕ್ತಿ ಆಗಸ್ಟಿನಲ್ಲೂ ಅವರಲ್ಲಿತ್ತು, ತಯಾರಿಗೆ ಬೇಕಾದ ವಾರಗಳು ಮಾತ್ರ ಇರಲಿಲ್ಲ.

ನಿಮಗೂ ಅಂಥದ್ದೇ ಲೆಕ್ಕ ಹಾಕಬೇಕಾಗಿ ಬರುತ್ತದೆ. 42.195 ಕಿಲೋಮೀಟರ್ ಓಡುವ ಮುಂಚೆ, ಸ್ಪರ್ಧೆಗೆ ಮೂರು ವಾರ ಇರುವಷ್ಟರಲ್ಲಿ, 28ರಿಂದ 30 ಕಿಲೋಮೀಟರಿನ ಓಟವೊಂದು ನೋವಿಲ್ಲದೆ ಮುಗಿದಿರಬೇಕೆಂದು ನಾನು ಕೇಳುತ್ತೇನೆ. ಆಗಿಲ್ಲವಾದರೆ ಈ ಸಲ ಪೂರ್ತಿ ಮ್ಯಾರಥಾನ್ ಬೇಡ. ಅಷ್ಟು ಹೊತ್ತಿಗೆ 16 ಕಿಲೋಮೀಟರ್ ಆರಾಮವಾಗಿ ಓಡುತ್ತಿದ್ದರೆ ಹತ್ತಿರದ ಊರಿನ ಯಾವುದಾದರೂ ಹಾಫ್ ಮ್ಯಾರಥಾನಿಗೆ ಹೆಸರು ಕೊಡಿ. ಅದೂ ಆಗದಿದ್ದರೆ ನಡಿಗೆ ಓಟದ ಮೆಟ್ಟಿಲುಗಳನ್ನು ಮುಂದುವರಿಸಿ, ಮುಂದಿನ ವರ್ಷದ ತಯಾರಿಗೆ ಇನ್ನೂ ಎರಡು ತಿಂಗಳು ಹೆಚ್ಚು ಇಟ್ಟುಕೊಂಡು ಮೇ ತಿಂಗಳಲ್ಲೇ ಶುರುಮಾಡಿ.