ಹೊಂಡದ ತೇಲುಕಸಕ್ಕೆ ಯಾವ ಸಾಧನ?



ಧಾರವಾಡದ ಕೃಷಿ ಮೇಳಕ್ಕೆಂದು ಹೋದವನು ಒಂದು ಸಂಜೆ ಕೆಲಗೇರಿ ಕೆರೆಯ ಏರಿಯ ಮೇಲೆ ನಿಂತಿದ್ದೆ. ಹಿಂದೊಮ್ಮೆ ಧಾರವಾಡದ ಜನ ಕುಡಿಯುತ್ತಿದ್ದ ನೀರು ಅದು. ನೂರು ವರ್ಷ ದಾಟಿದ ಆ ಕೆರೆಯ ಒಂದು ಮಗ್ಗುಲಲ್ಲಿ ನೀರೇ ಕಾಣದಂತೆ ಅಂತರಗಂಗೆ ಹಬ್ಬಿತ್ತು. ವಾಯುವಿಹಾರಕ್ಕೆ ಬಂದಿದ್ದ ಹಿರಿಯರೊಬ್ಬರು, "ಎಷ್ಟ ತಗದ್ರೂ ಮತ್ತ ಅಷ್ಟ ಬರತೈತ್ರಿ" ಎಂದರು. ಬಸ್ಸಿನಲ್ಲಿ ಊರಿಗೆ ಮರಳುವಾಗ ನನ್ನ ಮನೆ ಹಿಂದಿನ ಹೊಂಡವೇ ಕಣ್ಣಿಗೆ ಬರುತ್ತಿತ್ತು. ಅಲ್ಲಿಯೂ ಎರಡು ವರ್ಷದಿಂದ ಇದೇ ಕಥೆ, ಅಳತೆ ಮಾತ್ರ ಚಿಕ್ಕದು.

ನಮ್ಮಲ್ಲಿ ಈಗ ಹೊಂಡವಿಲ್ಲದ ತೋಟ ಕಡಿಮೆ. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯ ನಂತರ ಪ್ಲಾಸ್ಟಿಕ್ ಹಾಸಿನ ಹೊಂಡವೆಂದರೆ ಎಲ್ಲರಿಗೂ ಗೊತ್ತು. ಅದರ ಮೇಲೆ ಬೀಳುವ ಸಿಲ್ವರ್ ಓಕ್ ಎಲೆ, ಸೋಗೆಯ ಚೂರು, ಹಸಿರು ಪಾಚಿ ಇವುಗಳನ್ನು ಕಾಲಕಾಲಕ್ಕೆ ತೆಗೆಯದಿದ್ದರೆ ಏನಾಗುತ್ತದೆ? ತೇಲುವ ಎಲೆ ಕೆಲವು ದಿನಗಳಲ್ಲಿ ನೆನೆದು ಮುಳುಗುತ್ತದೆ. ತಳದಲ್ಲಿ ಕೊಳೆಯುವಾಗ ನೀರಿನ ಆಮ್ಲಜನಕವನ್ನು ತಿನ್ನುತ್ತದೆ. ಕಾಟ್ಲಾ, ರೋಹು ಬಿಟ್ಟವರು ಬೆಳಗಿನ ಜಾವ ಮೀನು ಬಾಯಿ ತೆರೆದು ಮೇಲೆ ಬರುವುದನ್ನು ಕಂಡಿರಬಹುದು. ಅದಕ್ಕಿಂತ ದೊಡ್ಡ ನಷ್ಟ ಹನಿ ನೀರಾವರಿಯದು. ಬೇಸಿಗೆಯಲ್ಲಿ ಅಡಿಕೆ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಹನಿ ನೀರು ಬೇಕೆಂದು ಲೆಕ್ಕ. 500 ಮರಕ್ಕೆ ಹತ್ತು ಸಾವಿರ ಲೀಟರ್ ಹತ್ತಿರ ಹತ್ತಿರ. ಏಪ್ರಿಲಿನಲ್ಲಿ ಪಾಚಿಯಿಂದ ಫಿಲ್ಟರು ಕಟ್ಟಿ, ಹನಿಕಡ್ಡಿಗಳು ಒಂದೊಂದಾಗಿ ನಿಂತರೆ, ಸಾಲಿನ ಕೊನೆಯ ಮರಗಳ ಹಿಂಗಾರ ಒಣಗುವ ತನಕ ನಮಗೆ ತಿಳಿಯುವುದೇ ಇಲ್ಲ.

ಇನ್ನು ಸಾಧನದ ವಿಚಾರ. ಪೇಟೆಯಲ್ಲಿ ಇದನ್ನು ಸ್ಕಿಮ್ಮರ್ ಎನ್ನುತ್ತಾರೆ. ಕರಿದದ್ದನ್ನು ಎಣ್ಣೆಯಿಂದ ಎತ್ತುವ ಜಾಲರಿ ಸೌಟಿನ ಕೆಲಸವೇ ಇದರದ್ದೂ. ಯಂತ್ರದ ಸ್ಕಿಮ್ಮರಿನಲ್ಲಿ ಒಂದು ಅಗಲ ಬಾಯಿ, ಅದರ ಹಿಂದೆ ಬುಟ್ಟಿ, ಬುಟ್ಟಿಯ ಕೆಳಗೆ ಪಂಪು ಇರುತ್ತವೆ. ಪಂಪು ಎಳೆದಾಗ ನೀರಿನ ಮೇಲ್ಪದರ ಮಾತ್ರ ತೆಳುವಾಗಿ ಬಾಯಿಯೊಳಗೆ ಜಾರುತ್ತದೆ, ಕಸ ಬುಟ್ಟಿಯಲ್ಲಿ ಉಳಿಯುತ್ತದೆ.

ಇದರಲ್ಲಿ ಎರಡು ಜಾತಿ. ಒಂದು ದಂಡೆಗೆ ಹೂಳುವಂಥದ್ದು. ಇದು ಕೆಲಸ ಮಾಡಬೇಕಾದರೆ ನೀರಿನ ಮಟ್ಟ ನಾಲ್ಕಾರು ಇಂಚಿಗಿಂತ ಹೆಚ್ಚು ಏರಿಳಿಯಬಾರದು. ಮನೆಯಂಗಳದ ತಾವರೆ ಕೊಳಕ್ಕೆ ಸರಿ, ದಿನಾ ಒಂದಿಷ್ಟು ನೀರು ತುಂಬಿಸಿ ಮಟ್ಟ ಕಾಯಬಹುದು. ನಮ್ಮ ಹೊಂಡಗಳಲ್ಲಿ ಡಿಸೆಂಬರಿನಿಂದ ಏಪ್ರಿಲಿಗೆ ನೀರು ಆಳೆತ್ತರ ಇಳಿಯುತ್ತದಲ್ಲ! ಜನವರಿಯಲ್ಲೇ ಅದರ ಬಾಯಿ ಗಾಳಿ ನುಂಗುತ್ತದೆ. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಪೇಟೆಯ ಅಂಗಡಿಯೊಂದರವರ ಮಾತು ಕೇಳಿ ತಂದು, ಅದನ್ನು ಕೂರಿಸಲು ಹಾಸನ್ನು ಒಂದೂವರೆ ಅಡಿ ಕತ್ತರಿಸಿದೆ. ಬೆಸುಗೆ ನಿಲ್ಲಲಿಲ್ಲ. ಕತ್ತರಿಸಿದ ಮಟ್ಟದ ತನಕ ನೀರು ಸೋರಿಹೋಯಿತು. ಆ ವರ್ಷ ಕಾಫಿಗೆ ಹೂಮಳೆ ತಪ್ಪಿದಾಗ ತುಂತುರು ಕೊಡಲು ಹೊಂಡದಲ್ಲಿ ನೀರು ಸಾಲಲಿಲ್ಲ. ಹಾಸಿಗೆ ಕತ್ತರಿ ಹಾಕುವ ಯಾವ ಸಾಧನವನ್ನೂ ತರಬೇಡಿರೆಂದು ಅಂದಿನಿಂದ ಹೇಳುತ್ತಾ ಬಂದಿದ್ದೇನೆ.

ಇನ್ನೊಂದು ತೇಲುವ ಜಾತಿ. ನೀರಿನೊಡನೆ ಏರುತ್ತದೆ, ಇಳಿಯುತ್ತದೆ. ಕೊಳ್ಳುವುದಾದರೆ ಇದನ್ನೇ ಕೊಳ್ಳಿರಿ. ಬಾಯಿಗೂ ಪಂಪಿಗೂ ಹೊಂದಾಣಿಕೆ ಇದೆಯೇ ನೋಡತಕ್ಕದ್ದು. ಬಾಯಿ 20 ಸೆಂಟಿಮೀಟರ್ ಅಗಲವಿದ್ದು, ಅದರ ಮೇಲೆ 2 ಸೆಂಟಿಮೀಟರ್ ನೀರು ಹರಿಯಬೇಕಾದರೆ ಗಂಟೆಗೆ ಸುಮಾರು 3,700 ಲೀಟರ್ ಎಳೆಯುವ ಪಂಪು ಬೇಕು. ಅದೇ ಬಾಯಿಗೆ ಸಾವಿರ ಲೀಟರಿನ ಪಂಪು ಕೂರಿಸಿದರೆ ಪದರ 8 ಮಿಲಿಮೀಟರಿಗೆ ಇಳಿಯುತ್ತದೆ; ಧೂಳು, ಹುಡಿ ಒಳಗೆ ಹೋದೀತು, ಸಿಲ್ವರ್ ಓಕ್ ಎಲೆ ಬಾಯಲ್ಲೇ ಅಂಟಿ ಕೂರುತ್ತದೆ. ಕರೆಂಟಿನ ಲೆಕ್ಕವನ್ನೂ ಕೇಳಿರಿ. 40 ವಾಟಿನ ಪಂಪು ಹಗಲು ರಾತ್ರಿ ಓಡಿದರೆ ತಿಂಗಳಿಗೆ 29 ಯೂನಿಟ್. ನೀರಿನಲ್ಲಿ ಇಳಿಸುವ ಪಂಪಿಗೆ ಇಎಲ್‌ಸಿಬಿ ಇರಲೇಬೇಕು, ಯಾರಾದರೂ ನೀರಿಗೆ ಕೈ ಹಾಕುವ ಮೊದಲು ಸ್ವಿಚ್ಚು ಆರಿಸಿ ಪ್ಲಗ್ಗು ಕೀಳಬೇಕು.

ನೀರಾವರಿ ಪಂಪನ್ನೇ ಸ್ಕಿಮ್ಮರಿಗೆ ಜೋಡಿಸಬಹುದೇ ಎಂದು ಹಲವರು ಕೇಳಿದ್ದಾರೆ. ಬೇಡ. ಮೇಲ್ಪದರದಲ್ಲಿ ಪಾಚಿ, ತಳದಲ್ಲಿ ಕೆಸರು. ನೀರಾವರಿಯ ಫುಟ್‌ವಾಲ್ವನ್ನು ಖಾಲಿ ಡ್ರಮ್ಮಿಗೆ ಕಟ್ಟಿ, ಮೇಲ್ಮೈಯಿಂದ ಎರಡಡಿ ಕೆಳಗೆ ತೂಗುಬಿಟ್ಟರೆ ನಡುವಿನ ತಿಳಿನೀರು ಸಿಗುತ್ತದೆ. ಖರ್ಚು ಕಡಿಮೆ, ಫಿಲ್ಟರಿಗೆ ಅರ್ಧ ವಿಶ್ರಾಂತಿ.

ಆದರೆ ನಲವತ್ತಡಿ ಚೌಕಕ್ಕಿಂತ ದೊಡ್ಡ ಹೊಂಡಕ್ಕೆ ಯಂತ್ರ ಕೊಳ್ಳುವುದೇ ದಂಡವೆಂಬುದು ನನ್ನ ಅಭಿಪ್ರಾಯ. ಉದ್ದನೆಯ ಹಗ್ಗಕ್ಕೆ ಮುಚ್ಚಳ ಬಿಗಿದ ಖಾಲಿ ಬಾಟಲಿಗಳನ್ನು ಒತ್ತೊತ್ತಾಗಿ ಕಟ್ಟಿ, ಕೆಳಗೆ ಒಂದಡಿ ಅಗಲ ನೆರಳುಬಲೆಯನ್ನು ಲಂಗದಂತೆ ಹೊಲಿದು, ಅಂಚಿಗೆ ಸಣ್ಣ ಕಲ್ಲು ಕಟ್ಟಿರಿ. ಇಬ್ಬರು ಎದುರುಬದುರು ದಂಡೆಯಲ್ಲಿ ನಡೆಯುತ್ತ ಎಳೆದರೆ ಕಸವೆಲ್ಲ ಒಂದು ಮೂಲೆಗೆ ಬರುತ್ತದೆ. ಗಾಳಿ ಬೀಸುವ ದಿಕ್ಕಿಗೇ ಎಳೆಯಿರಿ, ಅರ್ಧ ಕೆಲಸ ಗಾಳಿಯೇ ಮಾಡುತ್ತದೆ. ಯಂತ್ರವನ್ನಿಟ್ಟರೂ ಗಾಳಿ ಕಸ ತಂದು ನಿಲ್ಲಿಸುವ ಮೂಲೆಯಲ್ಲೇ ಇಡಬೇಕು; ಅದು ಯಾವುದೆಂದು ಒಂದು ಸಂಜೆ ಹೊಂಡದ ದಂಡೆಯಲ್ಲಿ ಕುಳಿತರೆ ತಿಳಿಯುತ್ತದೆ.

ಮೂಲೆಯಿಂದ ಎತ್ತಲು ಕೈಬಲೆ. ಎಲೆಗೆ ಬೆರಳು ತೂರದಷ್ಟು ಸಣ್ಣ ಕಣ್ಣಿನ ಮೀನುಬಲೆ ಸಾಕು, ಸೊಳ್ಳೆಪರದೆ ಹಾಕಿದರೆ ನೀರೆಳೆದು ರಟ್ಟೆ ಬೀಳುತ್ತದೆ. ಅಜೋಲಾದಂಥ ಸಣ್ಣದಕ್ಕೆ ಮಾತ್ರ ಸೊಳ್ಳೆಪರದೆ. ಹಿಡಿಗೆ ಹಳೆಯ ಬಿದಿರು ದೋಟಿ ಒಳ್ಳೆಯದು. ಅಲ್ಯೂಮಿನಿಯಂ, ಕಾರ್ಬನ್ ಫೈಬರಿನ ದೋಟಿಗಳು ಹಗುರ ನಿಜ, ಎರಡರಲ್ಲೂ ವಿದ್ಯುತ್ತು ಹರಿಯುತ್ತದೆ. ತಂತಿ ಹಾದುಹೋಗುವ ಹೊಂಡದಲ್ಲಿ ಮುಟ್ಟಬೇಡಿರಿ.

ಹಿಡಿ ಗಿಡ್ಡವಾದರೆ ಏನಾಗುತ್ತದೆಂಬುದನ್ನು ನಾನು ಕಣ್ಣಾರೆ ಕಂಡೆ. ನಮ್ಮ ಆಳು ಆರಡಿ ಹಿಡಿಯ ಬಲೆ ಚಾಚಿ ಬಗ್ಗಿದವನು ಪಾಚಿಗಟ್ಟಿದ ಹಾಸಿನ ಮೇಲೆ ಜಾರಿದ. ಈಜು ಬಲ್ಲವನೇ. ಆದರೆ ಹಾಸಿನ ಇಳಿಜಾರಿಗೆ ಕೈ ಹತ್ತದು, ಕಾಲು ನಿಲ್ಲದು. ನಾನು ಅಲ್ಲೇ ಬಿದ್ದಿದ್ದ ಸ್ಪ್ರೇ ಪೈಪನ್ನು ಎಸೆದೆ, ಅದನ್ನು ಹಿಡಿದು ಬಂದ. ಐದು ನಿಮಿಷ ಮೊದಲು ನಾನು ಕಾಫಿ ಕುಡಿಯಲು ಮನೆಗೆ ಹೊರಟಿದ್ದೆ. ಮಾರನೆಯ ದಿನವೇ ನಾಲ್ಕೂ ಮಗ್ಗುಲಿಗೆ ಗಂಟು ಹಾಕಿದ ಹಗ್ಗ ಇಳಿಬಿಟ್ಟು, ಎರಡು ಲಾರಿ ಟ್ಯೂಬು ತೂಗುಹಾಕಿದೆ. ಬೇಲಿ ಮೊದಲೇ ಇತ್ತು. ಒಬ್ಬರೇ ಹೊಂಡದ ಕಸ ತೆಗೆಯಬಾರದೆಂಬ ನಿಯಮವೂ ಬಂತು.

ತೆಗೆದ ಕಸವನ್ನು ದಂಡೆಯಲ್ಲಿ ಬಿಡಬೇಡಿರಿ, ಮಳೆಗೆ ಮತ್ತೆ ಒಳಗೇ ಬರುತ್ತದೆ. ಅಂತರಗಂಗೆಯಲ್ಲಿ ನೂರಕ್ಕೆ ತೊಂಬತ್ತು ಪಾಲಿಗೂ ಮೇಲೆ ನೀರೇ. ದೂರ ಹರಡಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿರಿ. ಬಣ್ಣ ಚೆಲ್ಲಿದಂತೆ ಕಾಣುವ ನೀಲಿಹಸಿರು ಪಾಚಿ ಬಂದ ನೀರನ್ನು ದನಕ್ಕೆ ಕುಡಿಸಬಾರದು. ಎಣ್ಣೆಯಂತೆ ಮಿರುಗುವ ಪೊರೆ ಕಂಡರೆ ಕಡ್ಡಿಯಿಂದ ಕಲಕಿ ನೋಡಿರಿ: ಗಾಜಿನಂತೆ ಚೂರಾದರೆ ಕಬ್ಬಿಣದ ಅಂಶ, ಒಡೆದು ಮತ್ತೆ ಕೂಡಿಕೊಂಡರೆ ಪಂಪಿನ ಎಣ್ಣೆ.

ಕೆಲಗೇರಿಯ ಹಿರಿಯರ ಮಾತಿಗೆ ಬರೋಣ. ಅಂತರಗಂಗೆ ಅನುಕೂಲ ಸಿಕ್ಕರೆ ಸುಮಾರು ಎರಡು ವಾರಕ್ಕೆ ಇಮ್ಮಡಿಯಾಗುವ ಗಿಡ. 1980ರ ದಶಕದಲ್ಲಿ ಬೆಂಗಳೂರಿನ ಸುತ್ತಲ ಕೆರೆಗಳಿಗೆ ಇದನ್ನು ತಿನ್ನುವ ಮೂತಿಹುಳುಗಳನ್ನು ಬಿಟ್ಟು ಫಲ ಕಂಡದ್ದುಂಟು. ಆದರೆ ಊರಿನ ಕೊಳಚೆ ಒಳಗೆ ಬರುತ್ತಿರುವ ತನಕ ಅದಕ್ಕೆ ಊಟ ಸಿಗುತ್ತಲೇ ಇರುತ್ತದೆ. ನಮ್ಮ ಹೊಂಡಕ್ಕೆ ಅಂಥ ಊಟ ಎಲ್ಲಿಂದ? ನಾನು ಹುಡುಕಿದಾಗ ಕೊಟ್ಟಿಗೆ ತೊಳೆದ ನೀರು ಮಳೆಗಾಲದಲ್ಲಿ ಕಾಲುವೆ ದಾಟಿ ಹೊಂಡಕ್ಕೆ ಇಳಿಯುತ್ತಿತ್ತು. ಕೆಲವರಲ್ಲಿ ಪಲ್ಪರಿನ ನೀರೂ ಹೀಗೆ ಸೇರುತ್ತಿದೆ, ಅದು ಹೊಂಡಕ್ಕೂ ಬೇಡ, ಹಳ್ಳಕ್ಕೂ ಬೇಡ. ಎರಡು ದಿನ ಇಬ್ಬರು ಆಳು ಹಿಡಿದು ಕಾಲುವೆಯನ್ನು ಬಾಳೆಯ ಬುಡಕ್ಕೆ ತಿರುಗಿಸಿದೆ. ಈ ಬೇಸಿಗೆ ಫಿಲ್ಟರು ತೊಳೆಯುವುದು ದಿನಕ್ಕೆರಡು ಸಲದಿಂದ ಮೂರು ದಿನಕ್ಕೊಮ್ಮೆಗೆ ಇಳಿಯಿತು. ಬಾಟಲಿಯ ಹಗ್ಗ ಸಂಘದ ಗೋದಾಮಿನಲ್ಲಿದೆ, ನೋಡಬೇಕೆನ್ನುವವರು ಸಂತೆಯ ದಿನ ಬರಬಹುದು.