ರಾತ್ರಿಯ ದೀಪದ ಬಣ್ಣ ಮತ್ತು ನಮ್ಮ ಕಣ್ಣು

ರಾತ್ರಿ ವೇಳೆ ಕರೆಂಟು ಬಂದಾಗ ಪಂಪು ಚಾಲೂ ಮಾಡಲು ತೋಟಕ್ಕೆ ಹೋಗುವುದು ಅನೇಕ ರೈತರಿಗೆ ಅನಿವಾರ್ಯ. ಪಂಪ್‌ಮನೆಯ ಪ್ರಖರ ಬಿಳಿ ದೀಪದಿಂದ ಹೊರಬಂದು ಬದುವಿನ ಮೇಲೆ ಕಾಲಿಟ್ಟೊಡನೆ ಕೆಲಹೊತ್ತು ಏನೂ ಕಾಣುವುದಿಲ್ಲ. ಹಾವಾಗಲಿ, ಕಟ್ಟೆಯಿಲ್ಲದ ಬಾವಿಯಾಗಲಿ ಹೆಚ್ಚು ಅಪಾಯಕಾರಿ ಎನಿಸುವುದು ಆ ಹೊತ್ತಿನಲ್ಲೇ. ಇದಕ್ಕೆ ದೀಪದ ಪ್ರಖರತೆಯ ಜೊತೆಗೆ ಅದರ ಬಣ್ಣವೂ ಕಾರಣ.

ಕಣ್ಣಿನ ಅಕ್ಷಿಪಟಲದಲ್ಲಿ ಬೆಳಕನ್ನು ಗ್ರಹಿಸುವ ಎರಡು ಬಗೆಯ ಕೋಶಗಳಿವೆ. ಶಂಕುಕೋಶಗಳು ಹಗಲಿನಲ್ಲಿ ಬಣ್ಣ ತೋರಿಸುತ್ತವೆ. ದಂಡಕೋಶಗಳು ಮಂದ ಬೆಳಕಿನಲ್ಲಿ ಆಕಾರವನ್ನೂ ಚಲನೆಯನ್ನೂ ತೋರಿಸುತ್ತವೆ. ದಂಡಕೋಶಗಳಲ್ಲಿರುವ ರೊಡಾಪ್ಸಿನ್ ಎಂಬ ದ್ರವ್ಯ ಪ್ರಖರ ಬೆಳಕಿಗೆ ಬಣ್ಣಗೆಡುತ್ತದೆ. ಅದು ಕತ್ತಲೆಯಲ್ಲಿ ಮತ್ತೆ ಕೂಡಿಕೊಂಡು ಕಣ್ಣು ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು.

ದಂಡಕೋಶಗಳಿಗೆ ನೀಲಿ-ಹಸಿರು ಬೆಳಕು ಬಹಳ ತಾಗುತ್ತದೆ. ಕಡುಗೆಂಪು ಬೆಳಕು ತಾಗುವುದು ಅತಿ ಕಡಿಮೆ. ಮುಸ್ಸಂಜೆಯಲ್ಲಿ ದಾಸವಾಳದ ಗಿಡವನ್ನು ಗಮನಿಸಿರಿ. ಕೆಂಪು ಹೂ ಕಪ್ಪಾದ ಮೇಲೂ ಎಲೆಗಳು ತಿಳಿಯಾಗಿ ತೋರುತ್ತವೆ. 19ನೆಯ ಶತಮಾನದಲ್ಲಿ ಜೆಕ್ ವಿಜ್ಞಾನಿ ಪುರ್ಕಿನ್ಯೆ ಇದನ್ನು ವಿವರಿಸಿದ್ದರು.

ಎಲ್‌ಇಡಿ ಬಲ್ಬಿನ ಡಬ್ಬಿಯ ಮೇಲೆ 6500 ಕೆ ಎಂದಿದ್ದರೆ ಅದರ ಬಿಳಿ ಬೆಳಕಿನಲ್ಲಿ ನೀಲಿ ಅಂಶ ಹೆಚ್ಚು. ಕತ್ತಲೆಗೆ ಹೊಂದಿಕೊಂಡ ಕಣ್ಣನ್ನು ಅದು ಬೇಗ ಕೆಡಿಸುತ್ತದೆ. ಅಷ್ಟೇ ಪ್ರಕಾಶದ 2700 ಅಥವಾ 3000 ಕೆ ಹಳದಿ ಛಾಯೆಯ ಬಲ್ಬಿನಿಂದ ಈ ತೊಂದರೆ ಕಡಿಮೆ. ವಯಸ್ಸಾದವರ ಕಣ್ಣಿನ ಮಸೂರ ಮಬ್ಬಾಗಿರುವುದರಿಂದ ಅವರಿಗೆ ಪ್ರಖರ ದೀಪ ಇನ್ನಷ್ಟು ಕೋರೈಸುತ್ತದೆ.

ರೈತರು ಅನುಸರಿಸಬೇಕಾದ ಕ್ರಮಗಳು:

1. ಅಂಗಳ ಮತ್ತು ಪಂಪ್‌ಮನೆಯ ಹೊರಗೆ ಹಳದಿ ಛಾಯೆಯ, ಕಡಿಮೆ ವ್ಯಾಟಿನ ಬಲ್ಬು ಹಾಕಿರಿ. ತಗಡಿನ ಮರೆ ಕಟ್ಟಿ, ಬೆಳಕು ಕಣ್ಣಿಗೆ ಹೊಡೆಯದೆ ನೆಲಕ್ಕೆ ಬೀಳುವಂತೆ ಮಾಡಿರಿ.

2. ಮೀಟರ್ ನೋಡಲು ಮಂದ ಕೆಂಪು ದೀಪ ಸಾಕು. ಆದರೆ ಆ ಬೆಳಕಿನಲ್ಲಿ ತಂತಿಗಳ ಬಣ್ಣ ತಿಳಿಯದು. ಆದ್ದರಿಂದ ರಿಪೇರಿಗೆ ಬಿಳಿ ಬೆಳಕನ್ನೇ ಬಳಸಿರಿ.

3. ಪಂಪ್‌ಮನೆಯಿಂದ ಹೊರಟಾಗ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಲ್ಲಿರಿ. ಕಣ್ಣು ಪೂರ್ತಿ ಹೊಂದದಿದ್ದರೂ ಮೊದಲ ಕುರುಡು ಕಳೆಯುತ್ತದೆ.

4. ನಡೆಯುವಾಗ ಟಾರ್ಚು ಕಡ್ಡಾಯ. ಅದನ್ನು ಕಾಲ ಮುಂದಿನ ನೆಲಕ್ಕೆ ಹಿಡಿಯಿರಿ. ಎದುರು ಬರುವವರ ಮುಖಕ್ಕೆ ಹಿಡಿಯಬೇಡಿ. ಬೂಟು ಧರಿಸಿರಿ.

5. ಇತರರಿಗೆ ಕಾಣುವ ದಾರಿ ನಿಮಗೆ ಮಾತ್ರ ಕಾಣದಿದ್ದರೆ ಅದು ಇರುಳುಗುರುಡು ಇರಬಹುದು. ‘ಎ’ ಜೀವಸತ್ವದ ಕೊರತೆ ಇದಕ್ಕೆ ಒಂದು ಕಾರಣ. ನುಗ್ಗೆ ಸೊಪ್ಪು, ಕ್ಯಾರೆಟ್, ಪರಂಗಿ ಹಣ್ಣು ಊಟದಲ್ಲಿರಲಿ, ವೈದ್ಯರನ್ನೂ ಕಾಣಿರಿ.

ಬಲ್ಬು ಕೊಳ್ಳುವಾಗ ಎಷ್ಟು ವ್ಯಾಟು ಎಂದು ಕೇಳುವಂತೆಯೇ ಯಾವ ಬಣ್ಣ ಎಂದೂ ಕೇಳುವ ರೂಢಿ ಮಾಡಿಕೊಳ್ಳುವುದು ಒಳ್ಳೆಯದು.